ಮಂಗಳೂರು ಹೆಂಚಿನ ಮೇಲೆ ಕ್ಯಾಮರೂನಿನ ಕೆಸು

ಮೊದಲು ಕಂಡುಹಿಡಿದದ್ದು ಅಮ್ಮನ ಮೂಗು. ಸಾಗರದ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದು ಎರಡು ದಿನ ಆಗಿತ್ತು. ಮೀನಿನ ತೊಟ್ಟಿಯ ಪಕ್ಕ ಹಾದು ಹೋಗುವಾಗ ನಿಂತರು.

"ಏನೋ ಇದು, ಶುಂಠಿಗೆ ಕೊಳೆ ಬಂದ ಹಾಗೆ ನಾರ್ತಿದೆ?"

"ಮೀನಿನ ವಾಸನೆ ಇರಬೇಕಮ್ಮ."

"ಮೀನಲ್ಲ. ಗಡ್ಡೆ ಕೊಳೆತ ವಾಸನೆ ನಂಗೆ ಗೊತ್ತಾಗಲ್ವಾ?"

ಮೂವತ್ತು ವರ್ಷ ಶುಂಠಿ ಬೆಳೆದವರ ಜೊತೆ ಈ ವಿಷಯದಲ್ಲಿ ವಾದ ಮಾಡುವ ಹಾಗಿಲ್ಲ. ತೊಟ್ಟಿಗೆ ಕೈ ಹಾಕಿ ಗಿಡದ ಒಂದು ಎಲೆಯನ್ನು ಮೆಲ್ಲಗೆ ಎಳೆದೆ. ಬುಡ ಸಮೇತ ಕೈಗೆ ಬಂತು. ಎರಡನೆಯದೂ ಬಂತು. ತೊಟ್ಟಿನ ತುದಿಯಲ್ಲಿ ಕಂದು ಬಣ್ಣದ ಲೋಳೆ. ಮರಳಿನೊಳಗೆ ಬೆರಳು ತೂರಿಸಿದರೆ ಗಟ್ಟಿ ಇರಬೇಕಾದ ಜಾಗ ಬೆಂದ ಆಲೂಗಡ್ಡೆ ಥರ ಜಾರಿತು.

ಗಿಡ ಅನೂಬಿಯಾಸ್ ಬಾರ್ಟೇರಿ. ಅದರಲ್ಲೂ "ನಾನಾ" ಅನ್ನುವ ಬಗೆ. ಲ್ಯಾಟಿನ್‌ನಲ್ಲಿ ನಾನಾ ಅಂದರೆ ಕುಳ್ಳು. ಕೊಳ್ಳುವಾಗ ನನಗೆ ಅದು ಗೊತ್ತಿರಲಿಲ್ಲ. ಅಂಗಡಿಯವನು ಗಿಡಗಳ ಕಡೆ ಕೈ ತೋರಿಸಿ "ನಾನಾ?" ಅಂದ. ನಾನು "ಹೌದು, ನಿಮ್ಮನ್ನೇ ಕೇಳಿದ್ದು" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡೆವು.

ಇದು ಪಶ್ಚಿಮ ಆಫ್ರಿಕಾದ ಗಿಡ. ಕೆಸು, ಸುವರ್ಣಗಡ್ಡೆ, ಮನಿ ಪ್ಲಾಂಟ್, ಆಂಥೂರಿಯಂ, ಕೆರೆಯ ಮೇಲೆ ತೇಲುವ ಅಂತರಗಂಗೆ ಎಲ್ಲ ಇದರ ಕುಟುಂಬದವೇ. ನಾನು ಎಡವಿದ್ದು ಈ ನೆಂಟಸ್ತಿಕೆಯಿಂದಲೇ. ಕೆಸುವಿನ ಜಾತಿ, ಬುಡದಲ್ಲಿ ದಪ್ಪ ಗಡ್ಡೆ, ಕೆಳಗೆ ಬೇರು. ನಮ್ಮ ಕಡೆಯವರು ಇಷ್ಟು ನೋಡಿದ ಮೇಲೆ ಏನು ಮಾಡುತ್ತಾರೆ? ಹೂಳುತ್ತಾರೆ. ನಾನೂ ಎರಡು ಅಂಗುಲ ಮರಳಿನ ಕೆಳಗೆ ನೀಟಾಗಿ ಹೂತಿದ್ದೆ. ಮೇಲೆ ಮರಳು ಒತ್ತಿ ಕೂರಿಸಿಯೂ ಇದ್ದೆ. ನಾಲ್ಕು ತಿಂಗಳು ಗಿಡ ಏನೂ ಹೇಳಲಿಲ್ಲ. ಅನೂಬಿಯಾಸ್‌ನ ಸ್ವಭಾವವೇ ಹಾಗೆ. ಬೆಳೆಯುವುದೂ ನಿಧಾನ, ಸಾಯುವುದೂ ನಿಧಾನ.

ಜೂನ್ 8. ಕೊಯ್ದು ನೋಡಿದ್ದು

ಗಿಡವನ್ನು ಪೂರ್ತಿ ಎತ್ತಿ ಬಿಳಿ ತಟ್ಟೆಯ ಮೇಲೆ ಹರವಿದೆ. ಆವತ್ತೇ ಮೊದಲ ಸಲ ಇದನ್ನು ಸರಿಯಾಗಿ ನೋಡಿದ್ದು.

ನಾನು ಗಡ್ಡೆ ಅಂದುಕೊಂಡದ್ದು ಕಾಂಡ. ಅಡ್ಡಡ್ಡ ಹರಿದುಕೊಂಡು ಹೋಗುವ ಕಾಂಡ, ಹೆಬ್ಬೆರಳಿಗಿಂತ ತೆಳು, ಕಿರುಬೆರಳಿನಷ್ಟು ದಪ್ಪ. ಅದರ ಸುತ್ತ ಸಣ್ಣ ಸಣ್ಣ ಬಳೆಗಳ ಹಾಗೆ ಗುರುತುಗಳಿದ್ದವು. ಉದುರಿದ ಒಂದೊಂದು ಎಲೆಗೂ ಒಂದೊಂದು ಬಳೆ. ಎಲೆಗಳು ಮುಂದಿನ ತುದಿಯಿಂದ ಒಂದೊಂದಾಗಿ ಬರುತ್ತವೆ, ಹಿಂದಿನವು ಹಳತಾಗಿ ಉದುರುತ್ತವೆ, ಕಾಂಡ ಮುಂದಕ್ಕೆ ತೆವಳುತ್ತದೆ. ಬೇರುಗಳು ಹೊಟ್ಟೆಯ ಕಡೆಯಿಂದ ಮಾತ್ರ. ಬಳೆಗಳ ನಡುವೆ ಅಲ್ಲಲ್ಲಿ ಸಾಸಿವೆಯಷ್ಟು ಉಬ್ಬು. ಅವು ನಿದ್ದೆ ಮಾಡುತ್ತಿರುವ ಮೊಗ್ಗುಗಳು.

ಇಂಥ ಕಾಂಡಕ್ಕೆ ರೈಜೋಮ್ ಅನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಗುಪ್ತಕಾಂಡ. ಶುಂಠಿಗೆ ಆ ಹೆಸರು ಸರಿ, ಅದು ಮಣ್ಣೊಳಗೆ ಗುಪ್ತವಾಗಿಯೇ ಇರುತ್ತದೆ. ಆದರೆ ಅನೂಬಿಯಾಸ್‌ನ ರೈಜೋಮ್ ಗುಪ್ತವೇ ಅಲ್ಲ. ಹೊಳೆಯ ಬಂಡೆಯ ಮೇಲೆ, ಬಿದ್ದ ಮರದ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹರಿದಾಡುತ್ತದೆ. ಬೇರು ಮಾತ್ರ ಬಿರುಕು ಹುಡುಕಿಕೊಂಡು ಹೋಗುತ್ತದೆ. ಕಾಂಡಕ್ಕೆ ಓಡುವ ನೀರು ಬೇಕು, ಗಾಳಿ ಬೇಕು. ಮರಳು ಒತ್ತಿ ಕೂರಿಸಿದರೆ ಎರಡೂ ಇಲ್ಲ. ಕೊಳೆಯದೆ ಇನ್ನೇನು ಮಾಡೀತು.

ಕೆಸು ಬೇರೆ ಲೆಕ್ಕ. ಅದರ ಗಡ್ಡೆ ಪಿಷ್ಟದ ಕಣಜ. ಮಳೆ ಮುಗಿದ ಮೇಲೆ ಎಲೆ ಒಣಗಿಸಿಕೊಂಡು ಮಣ್ಣೊಳಗೆ ಮಲಗುತ್ತದೆ, ಮುಂದಿನ ಮಳೆಗೆ ಏಳುತ್ತದೆ. ಅನೂಬಿಯಾಸ್‌ಗೆ ಹಾಗೆ ಮಲಗುವ ಕಾಲವಿಲ್ಲ. ವರ್ಷವಿಡೀ ಹಸಿರು. ಅಮ್ಮನಿಗೆ ಇದನ್ನು ವಿವರಿಸಿದೆ. "ಹಾಗಾದ್ರೆ ಗಡ್ಡೆ ಅಲ್ಲ ಅನ್ನು, ಬಳ್ಳಿ ಥರ" ಅಂದರು. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಈಗ ಆಪರೇಷನ್. ರೈಜೋಮ್ ಒಟ್ಟು 11 ಸೆಂ.ಮೀ. ಇತ್ತು. ಹೊಸ ಶೇವಿಂಗ್ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಕೊಳೆತ ಕಡೆಯಿಂದ ಶುರು ಮಾಡಿದೆ. ಒಳಗಿನ ಕಂದು ಬಣ್ಣ ಪೂರ್ತಿ ಹೋಗುವವರೆಗೂ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಹೋಗಬೇಕು. ಚೆನ್ನಾಗಿರುವ ಜಾಗದಲ್ಲಿ ಒಳಗೆ ತಿಳಿ ಹಸಿರು, ನಡುವೆ ಬಿಳಿ, ಒತ್ತಿದರೆ ಸೌತೆಕಾಯಿ ಥರ ಗಟ್ಟಿ. ಆ ಬಣ್ಣ ಸಿಕ್ಕ ಮೇಲೂ ಇನ್ನರ್ಧ ಸೆಂ.ಮೀ. ಒಳಗೆ ಹೋಗಿ ಕತ್ತರಿಸಿದೆ. ಇಲ್ಲಿ ಜಿಪುಣತನ ಮಾಡಬಾರದು. ಒಂದು ಚುಕ್ಕೆ ಕಂದು ಉಳಿದರೂ ಒಂದು ವಾರದಲ್ಲಿ ಮತ್ತೆ ಅದೇ ಕಥೆ. ಪ್ರತಿ ಸಲ ಕೊಯ್ಯುವಾಗಲೂ ಬ್ಲೇಡ್ ಒರೆಸಬೇಕು, ಇಲ್ಲದಿದ್ದರೆ ಕೊಳೆಯನ್ನು ನಾವೇ ಹಂಚಿದ ಹಾಗೆ.

ನಡುವೆ ಇನ್ನೊಂದು ಕಡೆಯೂ ಕೊಳೆತಿತ್ತು. ಹಾಗಾಗಿ ಕೊನೆಗೆ ಉಳಿದದ್ದು ಮೂರು ತುಂಡು. ಒಂದನೆಯದು ಬೆಳೆಯುವ ತುದಿ ಇರುವ 3 ಸೆಂ.ಮೀ. ತುಂಡು, ನಾಲ್ಕು ಎಲೆ. ಎರಡನೆಯದು ಎರಡೂವರೆ ಸೆಂ.ಮೀ., ಎರಡು ಎಲೆ. ಮೂರನೆಯದು ಒಂದೂವರೆ ಸೆಂ.ಮೀ., ಎಲೆಯೇ ಇಲ್ಲ. ಅದನ್ನು ಕಸಕ್ಕೆ ಹಾಕಲು ಹೊರಟಿದ್ದೆ. "ಕಣ್ಣು ಇದೆಯಲ್ಲೋ, ಯಾಕೆ ಎಸೀತೀಯ?" ಅಂತ ಅಮ್ಮ ತಡೆದರು. ಶುಂಠಿ ಬೀಜ ಆರಿಸುವಾಗ ಕಣ್ಣು ನೋಡುವ ಅಭ್ಯಾಸ. ಇಟ್ಟುಕೊಂಡೆ.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಮೇಲೆ 6% ಅಂತ ಇರುತ್ತದೆ. ಅಷ್ಟೇ ನೀರು ಬೆರೆಸಿ 3% ಮಾಡಿಕೊಂಡೆ. ತುಂಡುಗಳನ್ನು ಒಂದು ನಿಮಿಷ ಅದ್ದಿದೆ. ಕೊಯ್ದ ಜಾಗದಲ್ಲಿ ಬುಸುಬುಸು ನೊರೆ ಬಂತು. ಆಮೇಲೆ ಬರೀ ನೀರಿನಲ್ಲಿ ತೊಳೆದು, ಅಗಲ ಬಾಯಿಯ ಉಪ್ಪಿನಕಾಯಿ ಜಾಡಿಯಲ್ಲಿ ಒದ್ದೆ ಹತ್ತಿಯ ಮೇಲೆ ಮಲಗಿಸಿ ಮುಚ್ಚಳ ಸಡಿಲವಾಗಿ ಮುಚ್ಚಿದೆ. ಜಾಡಿ ಕಿಟಕಿಯಿಂದ ದೂರ ಇತ್ತು. ಇದು ನೆರಳಿನ ಗಿಡ. ಹೆಸರೇ ನೆರಳಿನಿಂದ ಬಂದದ್ದು: ಸತ್ತವರ ಲೋಕ ಕಾಯುವ, ನರಿಯ ತಲೆಯ ಈಜಿಪ್ಟಿನ ದೇವರು ಅನೂಬಿಸ್. ಬಿಸಿಲೇ ಬೀಳದ ಕಾಡಿನಡಿಯಲ್ಲಿ ಬೆಳೆಯುತ್ತದೆ ಅಂತ ಆ ದೇವರ ಹೆಸರಿಟ್ಟವನು ವಿಯೆನ್ನಾದ ಸಸ್ಯಶಾಸ್ತ್ರಜ್ಞ ಶಾಟ್, 1857ರಲ್ಲಿ. ಷೋನ್‌ಬ್ರುನ್ ಅರಮನೆಯ ತೋಟ ನೋಡಿಕೊಳ್ಳುತ್ತಿದ್ದವನು. ಕೆಸುವಿನ ಕುಟುಂಬವೆಂದರೆ ಅವನಿಗೆ ಪ್ರಾಣ.

ಜೂನ್ 9ರಿಂದ 14. ಹೆಂಚು, ಪಂಪು, ಸಿಲಿಕೋನ್

ಮರಳಿಗೆ ವಾಪಸ್ ಹಾಕುವ ಮಾತೇ ಇರಲಿಲ್ಲ. ಹಾಗಾದರೆ ಎಲ್ಲಿ? ಗಿಡ ತನ್ನ ಊರಲ್ಲಿ ಹೇಗಿರುತ್ತದೋ ಹಾಗೆ ಇಡೋಣ ಅನ್ನಿಸಿತು.

ಕುಳ್ಳ ಬಗೆಯ ಊರು ಕ್ಯಾಮರೂನಿನ ಕರಾವಳಿ. ಲಿಂಬೆ ಅನ್ನುವ ಪಟ್ಟಣದ ಸುತ್ತಮುತ್ತ. 1982ರವರೆಗೆ ಅದರ ಹೆಸರು ವಿಕ್ಟೋರಿಯಾ. ಹಿಂದೆಯೇ ಕ್ಯಾಮರೂನ್ ಪರ್ವತ, 4000 ಮೀಟರ್ ದಾಟಿದ ಜ್ವಾಲಾಮುಖಿ, ಇವತ್ತಿಗೂ ಆಗಾಗ ಉಗುಳುತ್ತದೆ. ಸಮುದ್ರದ ಮೋಡ ನೇರ ಬಂದು ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಬೆಟ್ಟದ ಬುಡದ ಡೆಬುಂಡ್ಶಾ ಅನ್ನುವ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 10,000 ಮಿ.ಮೀ. ಮಳೆ. ಆಗುಂಬೆಯ ಮಳೆಯನ್ನೇ ದೊಡ್ಡದು ಅಂದುಕೊಂಡಿದ್ದ ನನಗೆ ಇದನ್ನು ಓದಿ ಸ್ವಲ್ಪ ಬೇಜಾರಾಯಿತು. ಇಷ್ಟು ಮಳೆಯಲ್ಲಿ ಹಳ್ಳಗಳು ತುಂಬುತ್ತವೆ, ಇಳಿಯುತ್ತವೆ. ದಡದ ಗಿಡ ಕೆಲವು ಕಾಲ ಮುಳುಗಿರುತ್ತದೆ, ಉಳಿದ ಕಾಲ ಹೊರಗಿರುತ್ತದೆ. ಮಣ್ಣು ಕೊಚ್ಚಿಹೋಗುತ್ತದೆ, ಕಲ್ಲು ಉಳಿಯುತ್ತದೆ. ಕಲ್ಲನ್ನು ಹಿಡಿದುಕೊಂಡ ಗಿಡ ಮಾತ್ರ ಉಳಿಯುತ್ತದೆ.

ಅಂದರೆ ನನಗೆ ಬೇಕಾದದ್ದು ಒಂದು ಇಳಿಜಾರು, ಒರಟು ಮೈ, ಮೇಲಿಂದ ಸದಾ ತೊಟ್ಟಿಕ್ಕುವ ನೀರು. ತೊಟ್ಟಿ ಹಳೆಯದೇ ಇತ್ತು: ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರ. ಗ್ರಾನೈಟ್ ಚೂರು ಇಡೋಣ ಅಂದುಕೊಂಡೆ. ಆದರೆ ಅದರ ಮೈ ನುಣುಪು, ಬೇರು ಹಿಡಿಯಲು ಒದ್ದಾಡುತ್ತದೆ, ತೂಕ ಬೇರೆ. ಆಗ ನೆನಪಾದದ್ದು ಹೆಂಚು. ಊರಿನ ಹಳೆಯ ಕೊಟ್ಟಿಗೆ ಇಳಿಸಿದಾಗ ತಂದಿದ್ದ ಒಡೆದ ಮಂಗಳೂರು ಹೆಂಚುಗಳು ಬಾಲ್ಕನಿಯಲ್ಲಿ ಸುಮ್ನೆ ಬಿದ್ದಿದ್ದವು. ಸುಟ್ಟ ಜೇಡಿಮಣ್ಣು, ಬಣ್ಣ ಬಳಿದಿಲ್ಲ, ನೀರು ಹೀರುತ್ತದೆ, ಒರಟಾಗಿದೆ. ನಿಂಬೆರಸ ಹಾಕಿ ನೋಡಿದೆ. ನೊರೆ ಬರಲಿಲ್ಲ, ಅಂದರೆ ಸುಣ್ಣ ಇಲ್ಲ.

ಒಂದು ಹೆಂಚಿನ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಅಂತ ಅರ್ಧ ಓದಲು ಬರುತ್ತಿತ್ತು. ಸ್ವಿಟ್ಜರ್‌ಲ್ಯಾಂಡಿನ ಈ ಕ್ರೈಸ್ತ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಅವರಲ್ಲೊಬ್ಬನಾದ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದೇ ಬಾಸೆಲ್ ಮಿಷನ್ 1886ರಲ್ಲಿ ಕ್ಯಾಮರೂನಿಗೂ ಹೋಯಿತು. ಅಲ್ಲಿ ಅದುವರೆಗೆ ವಿಕ್ಟೋರಿಯಾದಲ್ಲಿದ್ದ ಇಂಗ್ಲಿಷ್ ಬ್ಯಾಪ್ಟಿಸ್ಟ್ ಮಿಷನರಿಗಳ ಕೆಲಸವನ್ನು ವಹಿಸಿಕೊಂಡಿತು. ಗಿಡದ ಊರಿಗೂ ನನ್ನ ಬಾಲ್ಕನಿಯ ಹೆಂಚಿಗೂ ಇಂಥದ್ದೊಂದು ನಂಟು ಇದೆ ಅಂತ ಗೊತ್ತಾದ ಮೇಲೆ ಆ ಅಕ್ಷರದ ತುಂಡನ್ನು ಎದುರಿಗೆ ಕಾಣುವ ಹಾಗೆ ಇಟ್ಟೆ. ಕೆಲಸಕ್ಕೆ ಅದರಿಂದ ಏನೂ ಉಪಯೋಗ ಇಲ್ಲ, ಖುಷಿಗೆ ಅಷ್ಟೇ.

ಹೆಂಚನ್ನು ಬ್ರಷ್ಷಿನಲ್ಲಿ ಉಜ್ಜಿ, ಕುದಿನೀರು ಹುಯ್ದು, ಎರಡು ದಿನ ಬಕೆಟ್ಟಿನಲ್ಲಿ ನೆನೆಹಾಕಿದೆ. ಆಮೇಲೆ ಒಣಗಿಸಬೇಕು. ಒದ್ದೆ ಹೆಂಚಿಗೆ ಸಿಲಿಕೋನ್ ಹಿಡಿಯುವುದಿಲ್ಲ. ಜೂನ್ ತಿಂಗಳ ಮೋಡದಲ್ಲಿ ಒಣಗದೆ ಕೊನೆಗೆ ಗ್ಯಾಸ್ ಒಲೆಯ ಪಕ್ಕ ಇಟ್ಟು ಬೈಸಿಕೊಂಡೆ. ಐದು ತುಂಡುಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇಟ್ಟು, ಹಿಂದಿನ ಗಾಜಿಗೆ ಒರಗಿಸಿ ಅಂಟಿಸಿದೆ. ಸಿಲಿಕೋನ್ ಕೊಳ್ಳುವಾಗ ಫಂಗಸ್ ನಿರೋಧಕ ಅಂತ ಬರೆದದ್ದು ಬೇಡ. ಬಚ್ಚಲಿಗೆ ಒಳ್ಳೆಯದು, ಮೀನಿಗೆ ವಿಷ. ಅಂಟಿಸಿದ ಮೇಲೆ ಮನೆಯೆಲ್ಲ ವಿನೆಗರ್ ವಾಸನೆ. ಅದು ಪೂರ್ತಿ ಹೋಗುವವರೆಗೆ, ಅಂದರೆ ಎರಡು ದಿನ, ನೀರು ಮುಟ್ಟಿಸಲಿಲ್ಲ.

ಪಂಪಿಗೆ ಏರ್ ಕೂಲರ್‌ನ 18 ವ್ಯಾಟ್ ಪಂಪ್ ತಂದೆ, 220 ರೂಪಾಯಿ. ಮೊದಲ ಸಲ ಸ್ವಿಚ್ ಹಾಕಿದಾಗ ಜೋಗವೇ ಬಂತು. ಹೆಂಚಿನ ಮೇಲೆ ಬಿದ್ದ ನೀರು ಹಾರಿ ಗೋಡೆಗೆ, ಸೋಫಾಗೆ, ಅಮ್ಮನ ಕನ್ನಡಕಕ್ಕೆ. ಪೈಪಿಗೆ T ಆಕಾರದ ಒಂದು ಕವಲು ಹಾಕಿ, ಮುಕ್ಕಾಲು ಪಾಲು ನೀರು ತೊಟ್ಟಿಗೇ ವಾಪಸ್ ಬೀಳುವ ಹಾಗೆ ಮಾಡಿ, ಉಳಿದದ್ದಕ್ಕೆ ಸಣ್ಣ ವಾಲ್ವ್ ಕೂರಿಸಿದೆ. ಮೇಲಿನ ಹೆಂಚಿನ ಉದ್ದಕ್ಕೆ ಪೈಪ್ ಮಲಗಿಸಿ, ಕಾದ ಸೂಜಿಯಲ್ಲಿ ಹದಿನೈದು ತೂತು ಚುಚ್ಚಿದೆ. ಈಗ ನೀರು ಸದ್ದಿಲ್ಲದೆ ಹೆಂಚಿನ ಮೈ ತೇವ ಮಾಡಿಕೊಂಡು ಇಳಿಯುತ್ತದೆ. ಪಂಪಿನ ಗುಂಯ್‌ಗುಡುವಿಕೆಗೆ ಕೆಳಗೆ ಪಾತ್ರೆ ತಿಕ್ಕುವ ಸ್ಪಂಜಿನ ತುಂಡು ಇಟ್ಟೆ. ವೈರನ್ನು ಮಾತ್ರ ನೇರ ಸಾಕೆಟ್ಟಿಗೆ ಎಳೆಯಬೇಡಿ. ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೆ ಹೋಗಬೇಕು. ವೈರ್ ಹಿಡಿದುಕೊಂಡು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಕಾವೇರಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ತುಂಬಿಸಿದೆ, ಅರ್ಧ ತೊಟ್ಟಿ ಮಾತ್ರ. ಆರು ಗಪ್ಪಿ ಮೀನು. ಗೊಬ್ಬರ ಅವೇ ಕೊಡುತ್ತವೆ.

ಜೂನ್ 15. ಅಂಟಿಸುವಾಗ ಬೆರಳು ಸುಟ್ಟದ್ದು

ಒಂದನೇ ತುಂಡನ್ನು ನೀರಿನ ಮಟ್ಟಕ್ಕೆ ಸರಿಯಾಗಿ, ಅರ್ಧ ಒಳಗೆ ಅರ್ಧ ಹೊರಗೆ ಇಟ್ಟೆ. ಕಪ್ಪು ಹತ್ತಿ ದಾರದಲ್ಲಿ ಎರಡು ಸುತ್ತು, ಬಿಗಿಯಾಗಿ ಅಲ್ಲ. ಬೇರು ಹಿಡಿಯುವ ಹೊತ್ತಿಗೆ ದಾರ ತಾನೇ ಕೊಳೆತು ಹೋಗುತ್ತದೆ. ಮೂರನೇ ತುಂಡು, ಎಲೆ ಇಲ್ಲದ್ದು, ಮೇಲಿನ ಎರಡು ಹೆಂಚುಗಳ ನಡುವಿನ ಸಂದಿಗೆ. ಅದಕ್ಕೆ ದಾರವೂ ಬೇಡ, ಸುಮ್ನೆ ಕೂತುಕೊಂಡಿತು.

ಎರಡನೇ ತುಂಡನ್ನು ಪೂರ್ತಿ ನೀರೊಳಗೆ ಇಡಬೇಕಿತ್ತು. ಅದಕ್ಕೆ ಸೂಪರ್ ಗ್ಲೂ. ಇದನ್ನು ಮೀನಿನ ತೊಟ್ಟಿಯವರೆಲ್ಲ ಬಳಸುತ್ತಾರೆ, ನೀರು ತಾಗಿದ ಕೂಡಲೇ ಗಟ್ಟಿಯಾಗುತ್ತದೆ, ಗಿಡಕ್ಕೂ ಮೀನಿಗೂ ತೊಂದರೆ ಇಲ್ಲ. ಆದರೆ ಜೆಲ್ ಬಗೆಯದು ಇರಬೇಕು. ನನ್ನ ಹತ್ತಿರ ಇದ್ದದ್ದು ನೀರಿನ ಹಾಗೆ ತೆಳ್ಳಗಿನದು. ಸ್ವಲ್ಪ ಹತ್ತಿ ಸೇರಿಸಿದರೆ ದಪ್ಪ ಆಗುತ್ತದೆ ಅನ್ನುವ ಬುದ್ಧಿ ನನ್ನದೇ.

ಹತ್ತಿಗೆ ಗ್ಲೂ ಬಿದ್ದ ಮೂರು ಸೆಕೆಂಡಿಗೆ ಹೊಗೆ ಎದ್ದಿತು. ಬೆರಳು ಚುರ್ ಅಂದಿತು. ಕಣ್ಣಲ್ಲಿ ನೀರು. ಗ್ಲೂ ಹತ್ತಿಯ ಎಳೆಗಳ ಮೇಲೆ ಹರಡಿದಾಗ ಒಮ್ಮೆಲೇ ಗಟ್ಟಿಯಾಗುತ್ತದೆ, ಆಗ ವಿಪರೀತ ಬಿಸಿ ಬರುತ್ತದೆ. ಬಟ್ಟೆಯ ಮೇಲೆ ಬಿದ್ದರೂ ಹೀಗೇ ಆಗುತ್ತದೆಯಂತೆ. ಬೆರಳಿಗೆ ಒಂದು ಗುಳ್ಳೆ. ಗಿಡದ ತುಂಡಿನ ಕೊಯ್ದ ತುದಿ ಅಕ್ಷರಶಃ ಬೆಂದಿತ್ತು. ಆ ತುದಿಯನ್ನು ಮತ್ತೆ ಕತ್ತರಿಸಿದೆ. ಎರಡೂವರೆ ಸೆಂ.ಮೀ. ಇದ್ದದ್ದು ಎರಡಕ್ಕಿಂತ ಕಡಿಮೆಯಾಯಿತು. ಆಮೇಲೆ ಜೆಲ್ ತಂದು, ರೈಜೋಮ್‌ನ ಹೊಟ್ಟೆಗೆ ಎರಡೇ ಚುಕ್ಕೆ ಹಚ್ಚಿ, ಹೆಂಚಿಗೆ ಒತ್ತಿ ಹಿಡಿದು, ಹಾಗೇ ನೀರಿಗಿಳಿಸಿದೆ. ಬೆಳೆಯುವ ತುದಿಗೂ ಕೊಯ್ದ ತುದಿಗೂ ಗ್ಲೂ ತಾಗಬಾರದು.

ಜುಲೈ

ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ನೋಡುವುದು, ಏನೂ ಇಲ್ಲದ್ದನ್ನು ಡೈರಿಯಲ್ಲಿ ಬರೆಯುವುದು.

ಆಗಿದ್ದು ಒಂದೇ, ಲೈಟಿನ ತಪ್ಪು. ಗಿಡ ಚೇತರಿಸಿಕೊಳ್ಳಲಿ ಅಂತ 12 ವ್ಯಾಟಿನ ಎಲ್‌ಇಡಿಯನ್ನು ದಿನಕ್ಕೆ ಹತ್ತು ಗಂಟೆ ಹಾಕುತ್ತಿದ್ದೆ. ನೀರೊಳಗಿನ ಎರಡನೇ ತುಂಡಿನ ಎಲೆಗಳ ಮೇಲೆ ಹಸಿರು ಚುಕ್ಕೆ ಪಾಚಿ ಹತ್ತಿತು. ವೇಗವಾಗಿ ಬೆಳೆಯುವ ಗಿಡ ಪಾಚಿ ಹತ್ತುವ ಮೊದಲೇ ಹೊಸ ಎಲೆ ಹೊರಡಿಸುತ್ತದೆ. ಅನೂಬಿಯಾಸ್‌ನ ಎಲೆ ಒಂದು ವರ್ಷಕ್ಕೂ ಮಿಕ್ಕಿ ಇರುತ್ತದೆ, ಪಾಚಿಗೆ ಅದೊಂದು ಲೀಸಿಗೆ ಸಿಕ್ಕ ಮನೆ. ಲೈಟನ್ನು ಆರು ಗಂಟೆಗೆ ಇಳಿಸಿದೆ. ಎಲೆಗಳನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಎಲೆ ಎಷ್ಟು ಗಟ್ಟಿ ಅಂದರೆ ಉಜ್ಜಿದರೂ ಗೀರು ಬೀಳಲಿಲ್ಲ. ತೊಗಲಿನ ಹಾಗೆ ದಪ್ಪ, ಮೇಲ್ಮೈ ಕಡು ಹಸಿರು, ಕೆಳಗೆ ತಿಳಿ. ಬೇರೆ ಗಿಡಗಳನ್ನೆಲ್ಲ ಮುಕ್ಕುವ ಮೀನುಗಳೂ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಆಗಸ್ಟ್ ಎರಡನೇ ವಾರ

ಸಂದಿಯಲ್ಲಿದ್ದ ಎಲೆ ಇಲ್ಲದ ತುಂಡಿನ ಮೇಲೆ ಒಂದು ಹಸಿರು ಮುಳ್ಳು ಕಂಡಿತು. ಒಂಬತ್ತನೇ ವಾರ. ಮರುದಿನ ಪಕ್ಕದಲ್ಲೇ ಇನ್ನೊಂದು. ತುದಿ ಕತ್ತರಿಸಿದ ಮೇಲೆ ಮಲಗಿದ್ದ ಮೊಗ್ಗುಗಳು ಎಚ್ಚರವಾಗಿವೆ. ಅಮ್ಮನಿಗೆ ಫೋನ್ ಮಾಡಿದೆ. "ನಾನು ಹೇಳ್ಲಿಲ್ವಾ?" ಅಂದರು. ಅವರು ಹೇಳಿದ್ದರು.

ಒಂದನೇ ತುಂಡಿನ ಬೇರು ಹೆಂಚಿನ ಮೇಲೆ ಬಿಳಿ ದಾರದ ಹಾಗೆ ಇಳಿದು, ಬಾಸೆಲ್ ಅಕ್ಷರಗಳ ತಗ್ಗಿನಲ್ಲಿ ತಿರುಗಿಕೊಂಡು ಹೋಗಿತ್ತು. ಹಿಡಿದು ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ದಾರ ಕತ್ತರಿಸಿ ತೆಗೆದೆ.

ಎಲೆ ಬರುವ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಪೂರ್ತಿ ನೀರೊಳಗಿರುವ ತುಂಡಿಗೆ ಒಂದು ಹೊಸ ಎಲೆಗೆ ಇಪ್ಪತ್ತಾರು ದಿನ. ಅರ್ಧ ಹೊರಗಿರುವ ಒಂದನೇ ತುಂಡಿಗೆ ಹದಿನಾಲ್ಕು. ಗಾಳಿಯಿಂದ ಸಿಗುವಷ್ಟು ಇಂಗಾಲದ ಡೈ ಆಕ್ಸೈಡ್ ನೀರೊಳಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಅದಕ್ಕೇ ಈ ವ್ಯತ್ಯಾಸ. ಇದು ನೀರೊಳಗೆ ಬದುಕಬಲ್ಲ ಗಿಡ, ಆದರೆ ನೀರೊಳಗೇ ಇರಬೇಕು ಅನ್ನುವ ಗಿಡ ಅಲ್ಲ. ನಮ್ಮ ಅಂಗಡಿಗಳಲ್ಲಿ ಇದನ್ನು ಮುಳುಗಿಸಿಯೇ ಮಾರುವುದರಿಂದ ನಮಗೆ ಹಾಗನ್ನಿಸುತ್ತದೆ ಅಷ್ಟೇ.

ಜನವರಿ. ಹೂ

ಸಂಕ್ರಾಂತಿಯ ಹಿಂದಿನ ವಾರ ಒಂದನೇ ತುಂಡಿನ ಎಲೆಗಳ ನಡುವೆ ತೊಟ್ಟಿನ ಹಾಗೆ ಕಾಣುವ, ಆದರೆ ತುದಿಯಲ್ಲಿ ಎಲೆ ಇಲ್ಲದ ಏನೋ ಎದ್ದಿತು. ಗಿಡ ನೀರಿನ ಹೊರಗಿದ್ದದ್ದು ಈಗ ಉಪಯೋಗಕ್ಕೆ ಬಂತು. ನೀರೊಳಗೂ ಇದು ಹೂ ಬಿಡುವುದುಂಟು, ಆದರೆ ಅಲ್ಲಿ ಬೀಜ ಕಟ್ಟುವುದಿಲ್ಲ.

ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಡೈರಿ ಹಿಡಿದು ಕೂತೆ. ಈ ಗಿಡದ ಮೈ ನೋಡದೆ ಹೂತು ಒಮ್ಮೆ ಕೆಟ್ಟಿದ್ದೆನಲ್ಲ, ಈ ಸಲ ನೋಡಿದ್ದನ್ನೆಲ್ಲ ಬರೆದಿಡೋಣ ಅಂತ. ಡೈರಿಯಿಂದ:

"ಎಲೆ: ಮೊಟ್ಟೆಯ ಆಕಾರ, ತುದಿ ಚೂಪು, ಬುಡ ದುಂಡಗೆ. ದೊಡ್ಡ ಎಲೆ 5.4 ಸೆಂ.ಮೀ. ಉದ್ದ, 2.9 ಅಗಲ. ನಡುನರ ಕೆಳಗಡೆ ಉಬ್ಬಿದೆ, ಅಕ್ಕಪಕ್ಕದ ನರಗಳು ಒತ್ತೊತ್ತಾಗಿ ಒಂದೇ ಸಮ ಓಡುತ್ತವೆ. ತೊಟ್ಟು 4 ಸೆಂ.ಮೀ., ಬುಡದಲ್ಲಿ ಒರೆಯ ಹಾಗೆ ಅಗಲವಾಗಿ ಮುಂದಿನ ಎಲೆಯನ್ನು ಸುತ್ತಿಕೊಂಡಿದೆ. ತೊಟ್ಟು ಎಲೆಗೆ ಸೇರುವಲ್ಲಿ ಸಣ್ಣ ಗಂಟು. ಅಲ್ಲಿಂದ ಎಲೆ ಬೆಳಕಿನ ಕಡೆ ಕತ್ತು ತಿರುಗಿಸುತ್ತದೆ.

ಹೂಗೊಂಚಲು: ದಂಟು 6 ಸೆಂ.ಮೀ. ಸುತ್ತ ಒಂದೇ ಕವಚದ ಎಲೆ, 2.3 ಸೆಂ.ಮೀ., ಹೊರಗೆ ಹಸಿರು, ಒಳಗೆ ಬೆಳ್ಳಗೆ. ನಡುವೆ ಕೆನೆ ಬಣ್ಣದ ದಿಂಡು, ಕವಚಕ್ಕಿಂತ ಸ್ವಲ್ಪ ಉದ್ದ. ವಾಸನೆ ನನ್ನ ಮೂಗಿಗೆ ಇಲ್ಲ."

ಹೂ ಅಂತ ನಾವು ಕರೆಯುವುದು ಒಂದು ಹೂವಲ್ಲ, ಕೆಸುವಿನ ಕುಟುಂಬದಲ್ಲೆಲ್ಲ ಹೀಗೇ. ದಿಂಡಿನ ಮೇಲೆ ಹತ್ತಾರು ಪುಟ್ಟ ಹೂಗಳು ಒತ್ತಿಕೊಂಡಿರುತ್ತವೆ. ಕೆಳಭಾಗದಲ್ಲಿ ಹೆಣ್ಣು ಹೂ, ಮೇಲಿನದೆಲ್ಲ ಗಂಡು. ಎಸಳು ಇಲ್ಲವೇ ಇಲ್ಲ. ಹೆಣ್ಣು ಹೂ ಅಂದರೆ ಬರೀ ಒಂದು ಅಂಡಾಶಯ, ಮೇಲೆ ಹಸಿಯಾದ ಗುಂಡು ತುದಿ. ಗಂಡು ಹೂ ಇನ್ನೂ ವಿಚಿತ್ರ. ಕೆಲವು ಕೇಸರಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದಕ್ಕೊಂದು ಬೆಸೆದು ಒಂದು ಗಿಡ್ಡ ಕಂಬವಾಗಿರುತ್ತವೆ. ಪರಾಗದ ಚೀಲಗಳು ಕಂಬದ ಬದಿಗೆ ಅಂಟಿಕೊಂಡಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಸಕ್ಕರೆ ಅಚ್ಚು ಜೋಡಿಸಿಟ್ಟ ಹಾಗೆ.

ಇಂಥ ಸಣ್ಣ ಸಂಗತಿಗಳಿಂದಲೇ ಅನೂಬಿಯಾಸ್‌ಗಳನ್ನು ಬೇರೆ ಬೇರೆ ಮಾಡುವುದು. ಎಲೆ ನೋಡಿ ಹೇಳಲು ಹೋದರೆ ಮೋಸ, ಒಂದೇ ಜಾತಿಯ ಎಲೆ ಹತ್ತು ರೂಪದಲ್ಲಿರುತ್ತದೆ. ನನ್ನ ಗಿಡವನ್ನೇ ನೋಡಿ. ಜರ್ಮನಿಯ ಸಸ್ಯಶಾಸ್ತ್ರಜ್ಞ ಎಂಗ್ಲರ್ 1899ರಲ್ಲಿ ಇದನ್ನು ಬೇರೆಯದೇ ಜಾತಿ ಅಂತ ವಿವರಿಸಿದ್ದ. 1979ರಲ್ಲಿ ವಿಮ್ ಕ್ರೂಸಿಯೋ ಅನ್ನುವ ಡಚ್ಚರವನು ಇಡೀ ಬಳಗವನ್ನು ಮತ್ತೆ ಪರೀಕ್ಷಿಸಿ, ಇದು ಬಾರ್ಟೇರಿಯದೇ ಕುಳ್ಳ ಬಗೆ ಅಂತ ಸೇರಿಸಿದ. ಇವತ್ತಿಗೂ ಅನೂಬಿಯಾಸ್ ಅಂದರೆ ಅವನ ಕೆಲಸವನ್ನೇ ತೆರೆದು ನೋಡುವುದು. ತಮಾಷೆ ಅಂದರೆ ಅವನ ವೃತ್ತಿ ಮುಂದೆ ಗಿಡದ್ದಾಗಲಿಲ್ಲ. ಇಲಿಗಳ ಮಿದುಳು, ನಡವಳಿಕೆ, ವಂಶವಾಹಿಗಳ ಸಂಶೋಧಕನಾದ.

ಇನ್ನು ಬಾರ್ಟೇರಿ ಅನ್ನುವ ಹೆಸರು. ಚಾರ್ಲ್ಸ್ ಬಾರ್ಟರ್ ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ಕೆಲಸ ಕಲಿತ ಮಾಲಿ. 1857ರಲ್ಲಿ ಬೈಕಿ ಅನ್ನುವ ಬ್ರಿಟಿಷ್ ಅನ್ವೇಷಕನ ನೈಜರ್ ನದಿ ಯಾತ್ರೆಗೆ ಗಿಡ ಸಂಗ್ರಹಿಸಲು ಹೋದ. 1859ರಲ್ಲಿ ಅಲ್ಲೇ ಕಾಯಿಲೆಯಿಂದ ತೀರಿಕೊಂಡ. ಶಾಟ್ ಈ ಗಿಡಕ್ಕೆ ಅವನ ಹೆಸರಿಟ್ಟದ್ದು 1860ರಲ್ಲಿ. ಸತ್ತವರ ದೇವರ ಹೆಸರಿನ ಪಕ್ಕ ಅವನ ಹೆಸರು ಬಂದು ಕೂತಿತು.

ಬೀಜ ಕಟ್ಟಿಸಲು ನೋಡಿದೆ, ಆಗಲಿಲ್ಲ. ಈ ಕುಟುಂಬದಲ್ಲಿ ಸಾಮಾನ್ಯವಾಗಿ ಹೆಣ್ಣು ಹೂ ಮೊದಲು ತಯಾರಾಗುತ್ತದೆ, ಗಂಡು ಹೂ ಪರಾಗ ಬಿಡುವುದು ಆಮೇಲೆ. ತನ್ನ ಪರಾಗ ತನಗೇ ಬೀಳದಿರಲಿ ಅಂತ. ಕವಚ ಬಿಚ್ಚಿಕೊಂಡ ದಿನ ಕೆಳಗಿನ ತುದಿಗಳು ಹಸಿಯಾಗಿ ಮಿನುಗುತ್ತಿದ್ದವು, ಪರಾಗ ಇರಲಿಲ್ಲ. ಪರಾಗ ಬ್ರಷ್ಷಿಗೆ ಹತ್ತುವ ಹೊತ್ತಿಗೆ ತುದಿಗಳು ಒಣಗಿ ಕಂದಾಗಿದ್ದವು. ಆದರೂ ಸವರಿದೆ. ಒಂದು ವಾರ ಬಿಟ್ಟು ಕವಚ ಮತ್ತೆ ಮುಚ್ಚಿಕೊಂಡಿತು. ಕಾಯಿ ಕಟ್ಟಿತೇನೋ ಅಂತ ಆಸೆಯಾಯಿತು. ಹದಿನೈದು ದಿನಕ್ಕೆ ದಂಟೇ ಹಳದಿಯಾಗಿ ಬಾಗಿತು.

ಸಂದಿಯ ತುಂಡಿನಲ್ಲಿ ಈಗ ಏಳು ಎಲೆ, ಎರಡು ತುದಿ. ಫೆಬ್ರುವರಿಯಲ್ಲಿ ಅಮ್ಮ ಬಂದಾಗ ಅದರಲ್ಲಿ ಒಂದು ತುದಿ ಕತ್ತರಿಸಿ ಕೊಟ್ಟೆ. ಊರಲ್ಲಿ ಬಾವಿಕಟ್ಟೆಯ ಪಕ್ಕ ಒಡೆದ ಒರಳುಕಲ್ಲಿದೆ, ಅದರ ಗುಂಡಿಯಲ್ಲಿ ಸದಾ ನೀರು ನಿಂತಿರುತ್ತದೆ. ಅದರ ಅಂಚಿಗೆ ಬಾಳೆನಾರಿನಲ್ಲಿ ಕಟ್ಟಿದ್ದಾರೆ. ಹಳ್ಳದ ಹತ್ತಿರ ಮಾತ್ರ ಒಯ್ಯಬೇಡಿ ಅಂತ ಹೇಳಿ ಕಳಿಸಿದ್ದೆ. ನಮ್ಮ ಹಳ್ಳಗಳಲ್ಲಿ ಈ ಜಾಗಕ್ಕೆ ನಮ್ಮದೇ ಗಿಡಗಳಿವೆ, ಲಗೆನಾಂಡ್ರಾ, ಕ್ರಿಪ್ಟೊಕೊರಿನೆ. ಅವೂ ಕೆಸುವಿನ ಕುಟುಂಬದವೇ.

ಒಂದನೇ ತುಂಡಿನಲ್ಲಿ ನಿನ್ನೆ ಇನ್ನೊಂದು ಎಲೆಯಿಲ್ಲದ ದಂಟು ಎದ್ದಿದೆ. ಅದರ ಹಿಂದೆಯೇ ಮತ್ತೊಂದು, ಅಕ್ಕಿಕಾಳಿನಷ್ಟು. ಮೊದಲಿನದು ಪರಾಗ ಬಿಡುವ ಹೊತ್ತಿಗೆ ಎರಡನೆಯದು ಬಿಚ್ಚಿಕೊಂಡರೆ ಸರಿಹೋಗುತ್ತದೆ. ಬ್ರಷ್ಷು ತೊಳೆದು ಒಣಗಲು ಇಟ್ಟಿದ್ದೇನೆ.